ಚಟ್ನಿಯಿಂದ ತೆಂಗಿನಕಾಯಿ ವಾಪಸ್ ಬರುತ್ತದೆಯೇ?

ಹಂಪಿಗೆ ಹೊರಡುವ ಹಿಂದಿನ ರಾತ್ರಿ ನಮ್ಮ ಮನೆಯಲ್ಲಿ ಚೀಲ ತುಂಬುವ ಗಲಾಟೆ. ಒಂದು ಡಬ್ಬಿಯಲ್ಲಿ ಚಕ್ಕುಲಿ, ಇನ್ನೊಂದರಲ್ಲಿ ಒಗ್ಗರಣೆ ಅವಲಕ್ಕಿ, ನೀರಿನ ಬಾಟಲಿ, ಬಿಸಿಲಿಗೆ ಟೋಪಿ. ಏಳನೇ ತರಗತಿ ಓದುವ ನನ್ನ ಮೊಮ್ಮಗಳು ತನ್ನ ಟ್ಯಾಬನ್ನು ಬಟ್ಟೆಚೀಲಕ್ಕೆ ಇಳಿಸಿ, ಅದರ ಪಕ್ಕದಲ್ಲೇ ಮಡಿಸಿದ ಚೀಟಿಯೊಂದನ್ನು ತುರುಕುತ್ತಿದ್ದಳು. “ಏನದು ಚೀಟಿ?” ಅಂದೆ. “ಪಾಸ್‌ವರ್ಡ್ ತಾತ. ಅಲ್ಲಿ ಹೋದಮೇಲೆ ಮರೆತುಬಿಟ್ಟರೆ?”

ನನಗೆ ನಗು ತಡೆಯಲಿಲ್ಲ. ನಾನು ಚಿಕ್ಕವನಿದ್ದಾಗ ನಮ್ಮಮ್ಮ ಹೊಲಕ್ಕೆ ಹೋಗುವ ಮುಂಚೆ ಬಾಗಿಲಿಗೆ ಇಷ್ಟು ದಪ್ಪ ಬೀಗ ಜಡಿದು, ಬೀಗದಕೈಯನ್ನು ಅಲ್ಲೇ ಸೂರಿನ ಸಂದಿಯಲ್ಲಿ ಸಿಕ್ಕಿಸುತ್ತಿದ್ದಳು. ಆ ಸಂದಿ ಊರಿಗೆಲ್ಲ ಗೊತ್ತು. ಆದರೂ ಕಳ್ಳ ಬರಲಿಲ್ಲ, ಯಾಕೆಂದರೆ ನಮ್ಮ ಮನೆಯಲ್ಲಿ ಕದಿಯುವಂಥದ್ದು ಏನೂ ಇರಲಿಲ್ಲ. ಟ್ಯಾಬಿನ ಒಳಗೆ ಹಾಗಲ್ಲ. ಅದರಲ್ಲಿ ಫೋಟೋ ಇದೆ, ಶಾಲೆಯ ಖಾತೆ ಇದೆ, ಅಪ್ಪನ ಫೋನ್ ನಂಬರ್ ಇದೆ.

ಇದನ್ನು ಹೇಳಿದಾಗ ಅವಳು ಚೀಟಿ ಹರಿದುಹಾಕಿದಳು. ಹರಿದ ಚೂರುಗಳನ್ನು ನೋಡುತ್ತಾ ಒಂದು ಪ್ರಶ್ನೆ ಕೇಳಿದಳು. “ತಾತ, ನಾನು ಹಾಕಿದ ಪಾಸ್‌ವರ್ಡ್ ಸರಿಯೋ ತಪ್ಪೋ ಅಂತ ಕಂಪ್ಯೂಟರಿಗೆ ಹೇಗೆ ಗೊತ್ತಾಗುತ್ತೆ? ಅಂದರೆ ಅದರ ಹತ್ತಿರಾನೂ ಒಂದು ಚೀಟಿ ಇರಬೇಕಲ್ವಾ?”

ಎಂಥ ಒಳ್ಳೆಯ ಪ್ರಶ್ನೆ! ಮೈಸೂರಿನಿಂದ ಹೊಸಪೇಟೆಗೆ ಹಂಪಿ ಎಕ್ಸ್‌ಪ್ರೆಸ್‌ನಲ್ಲಿ ಒಂದಿಡೀ ರಾತ್ರಿಯ ಪ್ರಯಾಣ. ಈ ಪ್ರಶ್ನೆಯನ್ನು ಬಿಚ್ಚಿಕೊಂಡು ಕೂರುವುದಕ್ಕೆ ಅದು ಧಾರಾಳವಾಗಿ ಸಾಕಾಯಿತು. ಬನ್ನಿ, ನೀವೂ ನಮ್ಮ ಜೊತೆ ಹತ್ತಿ. ಕಿಟಕಿಯ ಪಕ್ಕ ಜಾಗ ಇದೆ.

ಮೊದಲು ಸ್ವಲ್ಪ ಹಿಂದಕ್ಕೆ ಹೋಗೋಣ. 1960ರ ದಶಕದ ಆರಂಭ. ಅಮೆರಿಕದ ಎಂಐಟಿ ಎಂಬ ದೊಡ್ಡ ವಿದ್ಯಾಸಂಸ್ಥೆಯಲ್ಲಿ ಒಂದು ಕಂಪ್ಯೂಟರ್ ಇತ್ತು. ಗಾತ್ರದಲ್ಲಿ ಅದೇ ಒಂದು ಕೋಣೆ. ಅದನ್ನು ಬಳಸುವವರು ಬಹಳ ಮಂದಿ. ಹಾಸ್ಟೆಲ್‌ನಲ್ಲಿ ಒಂದೇ ಬೀರು, ಹುಡುಗರು ಮಾತ್ರ ಇಪ್ಪತ್ತು ಜನ ಅಂದುಕೊಳ್ಳಿ. ನನ್ನ ಗೂಡಿಗೆ ನೀನು ಕೈ ಹಾಕಬಾರದು, ನಿನ್ನ ಗೂಡಿಗೆ ನಾನು. ಅದಕ್ಕಾಗಿ ಫರ್ನಾಂಡೋ ಕೊರ್ಬಾಟೋ ಎಂಬ ವಿಜ್ಞಾನಿ ಮತ್ತು ಅವರ ಜೊತೆಗಾರರು ಒಬ್ಬೊಬ್ಬರಿಗೆ ಒಂದೊಂದು ಗುಟ್ಟಿನ ಮಾತು ಕೊಟ್ಟರು. ಕಂಪ್ಯೂಟರಿಗೆ ಪಾಸ್‌ವರ್ಡ್ ಬಂದದ್ದು ಹೀಗೆ.

ಆಗ ನನ್ನ ಮೊಮ್ಮಗಳು ಊಹಿಸಿದಂಥ ಚೀಟಿ ನಿಜಕ್ಕೂ ಇತ್ತು! ಎಲ್ಲರ ಗುಟ್ಟಿನ ಮಾತುಗಳನ್ನೂ ಬರೆದಿಟ್ಟ ಒಂದು ಪಟ್ಟಿ ಕಂಪ್ಯೂಟರಿನೊಳಗೇ ಇತ್ತು. 1962ರಲ್ಲಿ ಆಲನ್ ಶೆರ್ ಎಂಬ ವಿದ್ಯಾರ್ಥಿಗೆ ಕಂಪ್ಯೂಟರಿನ ಮುಂದೆ ಕೂರಲು ಕೊಟ್ಟ ಸಮಯ ಸಾಲುತ್ತಿರಲಿಲ್ಲ. ಆತ ಉಪಾಯವಾಗಿ ಆ ಪಟ್ಟಿಯನ್ನೇ ಪ್ರಿಂಟ್ ಮಾಡಿಸಿಕೊಂಡು ಬೇರೆಯವರ ಹೆಸರಿನಲ್ಲಿ ಕೆಲಸ ಮಾಡಿದ. ಈ ತಂಟೆಯನ್ನು ಎಷ್ಟೋ ವರ್ಷಗಳ ಮೇಲೆ ತಾನೇ ಬಾಯಿಬಿಟ್ಟ. 1966ರಲ್ಲಿ ಇನ್ನೂ ತಮಾಷೆ ನಡೆಯಿತು. ಬಂದವರಿಗೆಲ್ಲ ಕಂಪ್ಯೂಟರ್ ಮೊದಲು ಒಂದು ‘ಇಂದಿನ ಸೂಚನೆ’ ತೋರಿಸುತ್ತಿತ್ತು. ಏನೋ ಅದಲುಬದಲಾಗಿ, ಸೂಚನೆಯ ಜಾಗದಲ್ಲಿ ಪಾಸ್‌ವರ್ಡ್ ಪಟ್ಟಿಯೇ ಬಂದು ಕೂತುಬಿಟ್ಟಿತು. ಶಾಲೆಯ ನೋಟಿಸ್ ಬೋರ್ಡಿಗೆ ಪರೀಕ್ಷೆಯ ಉತ್ತರಪತ್ರಿಕೆ ಅಂಟಿಸಿದ ಹಾಗೆ.

ಪಟ್ಟಿ ಇದ್ದರೆ ಒಂದಲ್ಲ ಒಂದು ದಿನ ಅದು ಆಚೆ ಬರುತ್ತದೆ. ಪಟ್ಟಿಯೇ ಇಲ್ಲದೆ ಪಾಸ್‌ವರ್ಡ್ ಸರಿಯೇ ಎಂದು ನೋಡಲು ಆದೀತೇ? ಇದಕ್ಕೆ ಉತ್ತರ ನಿಮ್ಮ ಅಡುಗೆಮನೆಯಲ್ಲಿದೆ.

ನಿಮ್ಮ ಅಮ್ಮ ತೆಂಗಿನಕಾಯಿ, ಹುರಿಗಡಲೆ, ಹಸಿಮೆಣಸಿನಕಾಯಿ ಹಾಕಿ ಚಟ್ನಿ ರುಬ್ಬುತ್ತಾರೆ. ಎರಡು ನಿಮಿಷದ ಕೆಲಸ. ಈಗ ಆ ಚಟ್ನಿಯನ್ನು ಮುಂದಿಟ್ಟು, “ಇದರಿಂದ ತೆಂಗಿನ ಹೋಳನ್ನು ಹೇಗಿತ್ತೋ ಹಾಗೆ ವಾಪಸ್ ಕೊಡು” ಅಂದರೆ? ಅಜ್ಜಿಯ ಕೈಲೂ ಆಗದು. ರುಬ್ಬುವ ದಾರಿಯಲ್ಲಿ ಹೋಗಬಹುದು, ಹಿಂದಕ್ಕೆ ಬರುವ ದಾರಿ ಇಲ್ಲ. ಕಂಪ್ಯೂಟರಿನಲ್ಲೂ ಇಂಥ ರುಬ್ಬುವ ಲೆಕ್ಕಗಳಿವೆ. ಒಂದು ಕಡೆಯಿಂದ ಅಕ್ಷರ ಹಾಕಿದರೆ ಇನ್ನೊಂದು ಕಡೆ ಗುರುತೇ ಸಿಗದ ಅಕ್ಷರಗಳ ಮುದ್ದೆ ಬರುತ್ತದೆ. ಅದಕ್ಕೆ ಹ್ಯಾಶ್ ಎನ್ನುತ್ತಾರೆ. ಹ್ಯಾಶ್ ಎಂಬ ಇಂಗ್ಲಿಷ್ ಮಾತಿಗೂ ಕೊಚ್ಚಿ ಕಲಸುವುದು ಎಂಬ ಅಡುಗೆಮನೆಯ ಅರ್ಥವೇ ಇದೆ, ಗೊತ್ತಾ!

ಇದರ ಸ್ವಭಾವ ವಿಚಿತ್ರ. ಶಾ-256 ಎಂಬ ಹೆಸರಿನ ರುಬ್ಬುವ ಲೆಕ್ಕವೊಂದಿದೆ. ಅದಕ್ಕೆ ‘ಅ’ ಎಂಬ ಒಂದೇ ಅಕ್ಷರ ಹಾಕಿ, ಇಲ್ಲವೇ ನಿಮ್ಮ ಇಡೀ ಸಮಾಜ ಪಾಠಪುಸ್ತಕ ಹಾಕಿ, ಹೊರಗೆ ಬರುವ ಮುದ್ದೆ ಯಾವಾಗಲೂ 64 ಅಕ್ಷರವೇ. ಎಲ್ಲೋ ಒಂದು ಅಲ್ಪವಿರಾಮ ತೆಗೆದು ಪುಸ್ತಕವನ್ನು ಮತ್ತೆ ರುಬ್ಬಿದರೆ ಪೂರ್ತಿ ಬೇರೆಯದೇ ಮುದ್ದೆ ಬರುತ್ತದೆ. ಅದೇ ಪುಸ್ತಕವನ್ನು ಹಾಗೇ ಇನ್ನೊಮ್ಮೆ ಹಾಕಿದರೆ ಮಾತ್ರ ಮೊದಲ ಸಲ ಬಂದದ್ದೇ ಬರುತ್ತದೆ.

ಹೀಗಾಗಿ ಕಂಪ್ಯೂಟರ್ ನಿಮ್ಮ ಪಾಸ್‌ವರ್ಡನ್ನು ಬರೆದಿಟ್ಟುಕೊಳ್ಳಬೇಕಿಲ್ಲ, ಅದರ ಚಟ್ನಿಯನ್ನು ಇಟ್ಟುಕೊಂಡರೆ ಸಾಕು. ಮರುದಿನ ನೀವು ಬಂದು ಪಾಸ್‌ವರ್ಡ್ ಹೇಳುತ್ತೀರಿ. ಅದು ಆಗಲೇ ಅದನ್ನು ರುಬ್ಬಿ, ಡಬ್ಬಿಯಲ್ಲಿದ್ದ ಹಳೆಯ ಚಟ್ನಿಯ ಜೊತೆ ಹೋಲಿಸಿ ನೋಡುತ್ತದೆ. ಎರಡೂ ಒಂದೇ ಆದರೆ ಬಾಗಿಲು ತೆರೆಯುತ್ತದೆ. ಈ ಯೋಚನೆ 1960ರ ದಶಕದಲ್ಲೇ ಇಂಗ್ಲೆಂಡಿನ ಕೇಂಬ್ರಿಜ್‌ನಲ್ಲಿ ರೋಜರ್ ನೀಧಮ್ ಅವರಿಗೆ ಹೊಳೆದಿತ್ತು.

“ಆದರೆ ಕಳ್ಳನೂ ರುಬ್ಬಬಹುದಲ್ವಾ ತಾತ?” ಅಷ್ಟು ಹೊತ್ತಿಗೆ ರೈಲು ಮಂಡ್ಯ ದಾಟಿತ್ತು, ಚಕ್ಕುಲಿ ಡಬ್ಬಿ ಅರ್ಧ ಆಗಿತ್ತು. ಹೌದು, ರುಬ್ಬಬಹುದು! ಜನ ಸಾಮಾನ್ಯವಾಗಿ ಇಡುವ ಸಾವಿರಾರು ಪಾಸ್‌ವರ್ಡ್‌ಗಳನ್ನು ಕಳ್ಳ ಮೊದಲೇ ರುಬ್ಬಿ ಸಾಲಾಗಿ ಇಟ್ಟುಕೊಂಡರೆ, ಕದ್ದ ಡಬ್ಬಿಯ ಚಟ್ನಿಗೆ ಯಾವುದು ಹೊಂದುತ್ತದೆ ಎಂದು ನೋಡುವುದೊಂದೇ ಬಾಕಿ. ಇದಕ್ಕೆ ರಾಬರ್ಟ್ ಮೋರಿಸ್ ಮತ್ತು ಕೆನ್ ಥಾಂಪ್ಸನ್ 1979ರಲ್ಲಿ ಒಂದು ಮದ್ದನ್ನು ವಿವರಿಸಿ ಬರೆದರು. ಪ್ರತಿಯೊಬ್ಬರ ಪಾಸ್‌ವರ್ಡನ್ನು ರುಬ್ಬುವಾಗಲೂ ಬೇರೆ ಬೇರೆಯ ಒಂದು ಚಿಟಿಕೆ ಏನಾದರೂ ಸೇರಿಸಿಬಿಡುವುದು. ಆಗ ನಾನೂ ನೀವೂ ಒಂದೇ ಪಾಸ್‌ವರ್ಡ್ ಇಟ್ಟರೂ ನಮ್ಮ ಚಟ್ನಿಗಳು ಬೇರೆಯಾಗುತ್ತವೆ. ಕಳ್ಳ ಮುಂಚೆಯೇ ರುಬ್ಬಿಟ್ಟದ್ದೆಲ್ಲ ಹಳಸಿಹೋಗುತ್ತದೆ. ಆ ಚಿಟಿಕೆಗೆ ವಿಜ್ಞಾನಿಗಳು ಇಟ್ಟ ಹೆಸರೇನು ಹೇಳಿ ನೋಡೋಣ? ಸಾಲ್ಟ್. ಅಂದರೆ ಉಪ್ಪು. ತಮಾಷೆಗೆ ಹೇಳುತ್ತಿಲ್ಲ, ಪುಸ್ತಕದಲ್ಲೂ ಅದಕ್ಕೆ ಉಪ್ಪು ಅಂತಲೇ ಹೆಸರು.

ಇನ್ನೊಂದು ಜಾಣತನವೂ ಇದೆ. ಪಾಸ್‌ವರ್ಡ್ ರುಬ್ಬುವುದಕ್ಕೆ ಬೇಕೆಂದೇ ಮಿಕ್ಸಿ ಬಿಟ್ಟು ಒರಳುಕಲ್ಲು ಬಳಸುತ್ತಾರೆ, ಅಂದರೆ ನಿಧಾನವಾಗಿ ನಡೆಯುವ ಲೆಕ್ಕವನ್ನು. ನಿಮಗೆ ಒಂದೇ ಸಲ ರುಬ್ಬಬೇಕಾದ್ದರಿಂದ ಕಣ್ಣು ಮಿಟುಕಿಸುವಷ್ಟು ತಡ. ಕೋಟಿ ಸಲ ರುಬ್ಬಿ ನೋಡಬೇಕಾದ ಕಳ್ಳನ ರಟ್ಟೆ ಬಿದ್ದುಹೋಗುತ್ತದೆ.

ಪ್ರವಾಸದ ಮಾತಿನ ನಡುವೆ ಇದೆಲ್ಲ ಯಾಕೆ ಅಂತೀರಾ? ಎರಡು ಕಾರಣ. ಒಂದು, ಸರಿಯಾಗಿ ನಡೆಯುವ ಜಾಲತಾಣಕ್ಕೆ ನಿಮ್ಮ ಪಾಸ್‌ವರ್ಡ್ ಏನೆಂದು ಅದಕ್ಕೇ ಗೊತ್ತಿರುವುದಿಲ್ಲ, ಗೊತ್ತಿರಬೇಕಾಗಿಯೂ ಇಲ್ಲ. ಹಾಗಿರುವಾಗ, “ನಿಮ್ಮ ಹೋಟೆಲ್ ಬುಕಿಂಗ್ ರದ್ದಾಗಿದೆ, ಪಾಸ್‌ವರ್ಡ್ ಹೇಳಿ, ಸರಿ ಇದೆಯಾ ನೋಡುತ್ತೇವೆ” ಎಂದು ಯಾರಾದರೂ ಫೋನ್ ಮಾಡಿದರೆ ಅವರು ಹೇಳುವುದು ಸುಳ್ಳು. ಎರಡನೆಯದು, ಚಟ್ನಿಯಿಂದ ಹಿಂದಕ್ಕೆ ಬರಲಾಗದ ಕಳ್ಳನಿಗೆ ಉಳಿಯುವುದು ಊಹೆ ಮಾಡುವುದೊಂದೇ. ಅವನ ಊಹೆಯನ್ನು ಎಷ್ಟು ಕಷ್ಟ ಮಾಡಬೇಕು ಎನ್ನುವುದು ನಮ್ಮ ಕೈಯಲ್ಲಿದೆ.

ಒಂದು ಲೆಕ್ಕ ಮಾಡೋಣ. ನಾಲ್ಕು ಅಂಕಿಯ ಪಿನ್ ಅಂದರೆ 0000ದಿಂದ 9999ರವರೆಗೆ 10,000 ಸಾಧ್ಯತೆ. ಎಂಟು ಸಣ್ಣ ಇಂಗ್ಲಿಷ್ ಅಕ್ಷರಗಳನ್ನು ಹೇಗೆಂದರೆ ಹಾಗೆ ಜೋಡಿಸಿದರೆ ಸುಮಾರು 20,882 ಕೋಟಿ. ಕೇಳಲು ದೊಡ್ಡದು. ಆದರೆ ಕಳ್ಳನ ಯಂತ್ರ ಸೆಕೆಂಡಿಗೆ ಒಂದು ಕೋಟಿ ಊಹೆ ಮಾಡುತ್ತದೆ ಎಂದು ಇಟ್ಟುಕೊಳ್ಳಿ, ಆರು ಗಂಟೆಯೊಳಗೆ ಎಲ್ಲವೂ ಮುಗಿದುಹೋಗುತ್ತದೆ. ನಮ್ಮ ರೈಲು ಹೊಸಪೇಟೆ ತಲುಪುವ ಮುಂಚೆಯೇ!

ಈಗ ನಿಮ್ಮ ಹಾವು-ಏಣಿ ಆಟದ ದಾಳ ತೆಗೆದುಕೊಳ್ಳಿ. 1995ರಲ್ಲಿ ಆರ್ನಾಲ್ಡ್ ರೀನ್‌ಹೋಲ್ಡ್ ಎಂಬವರು ದಾಳದಿಂದ ಪಾಸ್‌ವರ್ಡ್ ಮಾಡುವ ಆಟವೊಂದನ್ನು ಕೊಟ್ಟರು. ದಾಳವನ್ನು ಐದು ಸಲ ಹಾಕಿದರೆ ಬರುವ ಜೋಡಣೆಗಳು 6×6×6×6×6, ಅಂದರೆ 7,776. ಅಷ್ಟೇ ಪದಗಳ ಒಂದು ಪಟ್ಟಿ ಇರುತ್ತದೆ. ಐದು ಸಲ ದಾಳ ಹಾಕಿ, ಬಂದ ಅಂಕಿಗಳಿಗೆ ಎದುರಾಗಿರುವ ಪದ ಹೆಕ್ಕಿ. ಹೀಗೆ ನಾಲ್ಕು ಪದ. ಹುಣಸೆ, ಬಸವನಹುಳು, ಛತ್ರಿ, ಗುಡುಗು, ಇಂಥವು ಬಂದವು ಎನ್ನಿ. ಮಳೆಗಾಲದಲ್ಲಿ ಹುಣಸೆಮರದ ಕೆಳಗೆ ಛತ್ರಿ ಹಿಡಿದ ಬಸವನಹುಳು ಗುಡುಗಿಗೆ ಬೆಚ್ಚಿಬಿತ್ತು ಎಂದು ಮನಸ್ಸಿನಲ್ಲಿ ಒಂದು ಚಿತ್ರ ಬರೆದುಕೊಂಡರೆ ಆಯಿತು, ಚೀಟಿ ಯಾಕೆ? ನಾಲ್ಕು ಪದಕ್ಕೆ ಸಾಧ್ಯತೆಗಳು 36 ಕೋಟಿ ಕೋಟಿಗೂ ಹೆಚ್ಚು. ಅದೇ ಯಂತ್ರಕ್ಕೆ 11 ವರ್ಷಕ್ಕೂ ಮೀರಿದ ಕೆಲಸ. ಐದನೇ ಪದ ಸೇರಿಸಿದರೆ ಸುಮಾರು 90,000 ವರ್ಷ. (ನನ್ನ ಬಸವನಹುಳುವನ್ನು ಮಾತ್ರ ಕದಿಯಬೇಡಿ. ಅಚ್ಚಾದ ಪಾಸ್‌ವರ್ಡ್ ಪಾಸ್‌ವರ್ಡೇ ಅಲ್ಲ.)

ಹಾಗಾದರೆ ಫೋನಿಗೆ ನಾಲ್ಕೇ ಅಂಕಿಯ ಪಿನ್ ಹೇಗೆ ಸಾಕು? ಕೆಲವು ಸಲ ತಪ್ಪು ಒತ್ತಿದರೆ ಫೋನು ಮುನಿಸಿಕೊಂಡು “ಸ್ವಲ್ಪ ಹೊತ್ತು ಬಿಟ್ಟು ಬಾ” ಎನ್ನುತ್ತದೆ. 10,000 ಸಲ ಒತ್ತಿ ನೋಡಲು ಅದು ಬಿಡುವುದಿಲ್ಲ. ಆದರೂ 1234 ಅಥವಾ ಹುಟ್ಟಿದ ವರ್ಷ ಇಟ್ಟರೆ ಮೊದಲ ಮೂರು ಊಹೆಯಲ್ಲೇ ಕೆಲಸ ಮುಗಿಯುತ್ತದೆ.

ಒಂದೇ ಪಾಸ್‌ವರ್ಡನ್ನು ಹತ್ತು ಕಡೆ ಇಡುವುದಂತೂ ಮನೆ, ಬೀರು, ಸೈಕಲ್ಲು, ಊಟದ ಡಬ್ಬಿ ಎಲ್ಲಕ್ಕೂ ಒಂದೇ ಬೀಗದಕೈ ಮಾಡಿಸಿದ ಹಾಗೆ. ಎಲ್ಲೋ ಒಂದು ಪುಟ್ಟ ಟಿಕೆಟ್ ಜಾಲತಾಣದಿಂದ ಅದು ಆಚೆ ಬಂದರೂ ಉಳಿದ ಒಂಬತ್ತು ಬಾಗಿಲು ತೆರೆದುಕೊಳ್ಳುತ್ತವೆ. ಅಷ್ಟು ನೆನಪಿಡಲು ಆಗುವುದಿಲ್ಲ ಅನ್ನುವ ದೊಡ್ಡವರು ಪಾಸ್‌ವರ್ಡ್ ಮ್ಯಾನೇಜರ್ ಎಂಬ ತಿಜೋರಿ ಇಟ್ಟುಕೊಳ್ಳುತ್ತಾರೆ. ಅದರ ಒಂದು ಬೀಗದಕೈ ನೆನಪಿದ್ದರೆ ಉಳಿದದ್ದನ್ನು ಅದೇ ನೋಡಿಕೊಳ್ಳುತ್ತದೆ.

ಬೆಂಗಳೂರಿನ ನಿಲ್ದಾಣದಲ್ಲಿ ರೈಲು ಸ್ವಲ್ಪ ಹೊತ್ತು ನಿಂತಿತ್ತು. ಮೊಮ್ಮಗಳ ಟ್ಯಾಬಿನ ಬ್ಯಾಟರಿ ಕೆಂಪಾಗಿತ್ತು. ಪ್ಲಾಟ್‌ಫಾರಂ ಮೇಲೆ ಓಡಿ ಚಾರ್ಜ್ ಹಾಕಿಕೊಂಡು ಬರಲೇ ಎಂದಳು. ರೈಲು ಹೊರಟುಬಿಟ್ಟರೆ ಎನ್ನುವ ಭಯ ಒಂದು ಕಡೆ. ಅದಕ್ಕಿಂತ ರಸವತ್ತಾದ ವಿಷಯ ಚಾರ್ಜ್ ಹಾಕುವ ತಂತಿಯೊಳಗೆ ಇದೆ.

ಮನೆಯಲ್ಲಿ ಹಾಳಾದ ಹಳೆಯ ಮಾಮೂಲಿ ಯುಎಸ್‌ಬಿ ತಂತಿ ಇದ್ದರೆ, ದೊಡ್ಡವರಿಂದ ಅದನ್ನು ಕತ್ತರಿಸಿ ತೋರಿಸಲು ಹೇಳಿ. ಯಾವುದಕ್ಕೂ ಸಿಕ್ಕಿಸಿರಬಾರದು ಮತ್ತೆ! ಒಳಗೆ ನಾಲ್ಕು ಬಣ್ಣದ ಪುಟ್ಟ ತಂತಿಗಳು ಕಾಣುತ್ತವೆ, ಸಾಮಾನ್ಯವಾಗಿ ಕೆಂಪು, ಕಪ್ಪು, ಹಸಿರು, ಬಿಳಿ. ಕೆಂಪು ಕಪ್ಪು ತಂತಿಗಳಲ್ಲಿ ವಿದ್ಯುತ್ತು ಹರಿಯುತ್ತದೆ. ಹಸಿರು ಬಿಳಿ ತಂತಿಗಳಲ್ಲಿ ಮಾತು ಹರಿಯುತ್ತದೆ, ಅಂದರೆ ಫೋಟೋ, ಕಡತ, ಅಪ್ಪಣೆ ಎಲ್ಲ. ಮನೆಗೆ ನೀರು ಬರುವ ಪೈಪು ಅಂದುಕೊಂಡಿದ್ದೆವು. ನೋಡಿದರೆ ಅದೇ ಪೈಪಿನ ಒಳಗೆ ಟೆಲಿಫೋನ್ ತಂತಿಯೂ ಇದೆ!

ಅಪರಿಚಿತ ಕಡೆ ಗೋಡೆಯಲ್ಲಿ ಬರೀ ಯುಎಸ್‌ಬಿ ತೂತು ಇಟ್ಟಿದ್ದರೆ ಅದರ ಹಿಂದೆ ವಿದ್ಯುತ್ತು ಮಾತ್ರ ಇದೆಯೋ, ಪುಟ್ಟ ಕಂಪ್ಯೂಟರ್ ಕೂತಿದೆಯೋ ಹೊರಗಿನಿಂದ ಕಾಣದು. 2011ರಲ್ಲಿ ಅಮೆರಿಕದ ಲಾಸ್ ವೇಗಸ್‌ನಲ್ಲಿ ಡೆಫ್‌ಕಾನ್ ಎಂಬ ಸಮ್ಮೇಳನ ನಡೆದಾಗ, ಇದನ್ನು ತೋರಿಸಲಿಕ್ಕೆಂದೇ ಕೆಲವರು ಉಚಿತ ಚಾರ್ಜಿಂಗ್ ಗೂಡೊಂದನ್ನು ಇಟ್ಟರು. ಫೋನ್ ಸಿಕ್ಕಿಸಿದ ಕೂಡಲೇ ಪರದೆಯ ಮೇಲೆ ಎಚ್ಚರಿಕೆಯ ಮಾತು ಮೂಡುತ್ತಿತ್ತು. ಅಲ್ಲಿ ಸೇರಿದ್ದವರೆಲ್ಲ ಕಂಪ್ಯೂಟರ್ ಪಂಡಿತರೇ. ಆದರೂ ಬಹಳ ಮಂದಿ ಸಿಕ್ಕಿಸಿದರಂತೆ.

ನಿಜ ಹೇಳಬೇಕೆಂದರೆ ಇದರ ಬಗ್ಗೆ ಗಾಬರಿ ಜಾಸ್ತಿ, ನಡೆದ ಕಳ್ಳತನ ಕಡಿಮೆ. ಈಗಿನ ಫೋನುಗಳು “ಈ ಯಂತ್ರವನ್ನು ನಂಬಲೇ?” ಎಂದು ಕೇಳಿಯೇ ಮುಂದುವರಿಯುತ್ತವೆ. ಆ ಪ್ರಶ್ನೆ ಬಂದರೆ ಬೇಡ ಎನ್ನಿ. ನಮ್ಮದೇ ಅಡಾಪ್ಟರನ್ನು ಮೂರು ತೂತಿನ ಮಾಮೂಲಿ ಸಾಕೆಟ್‌ಗೆ ಹಾಕಿದರೆ ಪ್ರಶ್ನೆಯೇ ಬರುವುದಿಲ್ಲ. ನಮ್ಮ ಬೋಗಿಯಲ್ಲೇ ಅಂಥ ಸಾಕೆಟ್ ಇತ್ತು, ಟ್ಯಾಬಿಗೆ ಜೀವ ಬಂತು.

ನಿಲ್ದಾಣದ ವೈಫೈ ಕಂಡು ಅವಳ ಮುಖ ಅರಳಿತು. ನಮ್ಮ ರೈಲು ನಿಲ್ದಾಣಗಳಲ್ಲಿ ಇದು ಶುರುವಾದದ್ದು 2014ರಲ್ಲಿ, ಇದೇ ಬೆಂಗಳೂರಿನ ನಿಲ್ದಾಣದಿಂದ. ವೈಫೈ ಎಂದರೆ ಕಾಣದ ಅಲೆಗಳು. ಟ್ಯಾಬ್ ಮಾತಾಡುವುದು ವೈಫೈ ಪೆಟ್ಟಿಗೆಯ ಕಿವಿಯಲ್ಲಿ ಪಿಸುಗುಟ್ಟಿದ ಹಾಗಲ್ಲ, ಶಾಲೆಯ ಬಯಲಿನಲ್ಲಿ ನಿಂತು ಕೂಗಿದ ಹಾಗೆ. ಸುತ್ತಲಿರುವ ಯಾರ ಯಂತ್ರ ಬೇಕಾದರೂ ಕಿವಿಗೊಡಬಹುದು.

2010ರಲ್ಲಿ ಎರಿಕ್ ಬಟ್ಲರ್ ಎಂಬವರು ಫೈರ್‌ಶೀಪ್ ಎಂಬ ಪುಟ್ಟ ತಂತ್ರಾಂಶ ಬರೆದು ಎಲ್ಲರ ಕೈಗೂ ಕೊಟ್ಟರು. ಬೀಗವಿಲ್ಲದ ವೈಫೈ ಇರುವ ಕಾಫಿ ಅಂಗಡಿಯಲ್ಲಿ ಕೂತು ಒಂದು ಗುಂಡಿ ಒತ್ತಿದರೆ, ಪಕ್ಕದ ಮೇಜಿನವರ ಖಾತೆಯ ಒಳಗೇ ಹೋಗಿಬಿಡಬಹುದಿತ್ತು. ಅವರ ಉದ್ದೇಶ ಕಳ್ಳತನವಲ್ಲ, ದೊಡ್ಡ ಕಂಪನಿಗಳನ್ನು ನಾಚಿಸುವುದು. ಬಯಲಿನಲ್ಲಿ ಕೂಗುವುದನ್ನು ತಪ್ಪಿಸಲಾಗದಿದ್ದರೆ ಬೇರೆಯವರಿಗೆ ಅರ್ಥವಾಗದ ಗುಟ್ಟಿನ ಭಾಷೆಯಲ್ಲಾದರೂ ಕೂಗಬಹುದಲ್ಲ? ನೀವು ಗೆಳೆಯರ ಜೊತೆ ಪ್ರತಿ ಅಕ್ಷರಕ್ಕೂ ‘ಕ’ ಸೇರಿಸಿ ‘ಕ’ ಭಾಷೆ ಮಾತಾಡುತ್ತೀರಲ್ಲ, ಹಾಗೆ. ಮುಂದಿನ ವರ್ಷಗಳಲ್ಲಿ ಬಹುಪಾಲು ಜಾಲತಾಣಗಳು ಗುಟ್ಟಿನ ಭಾಷೆಗೆ ಬದಲಾದವು. ವಿಳಾಸದ ಶುರುವಿನಲ್ಲಿ ಎಚ್‌ಟಿಟಿಪಿಎಸ್ ಎಂದಿರುವುದೇ ಅದರ ಗುರುತು.

ಇಲ್ಲೊಂದು ಸೂಕ್ಷ್ಮವಿದೆ, ದೊಡ್ಡವರೂ ಇಲ್ಲಿ ಎಡವುತ್ತಾರೆ. ಆ ಗುರುತು ಹೇಳುವುದು “ನಡುವೆ ಯಾರೂ ಕೇಳಿಸಿಕೊಳ್ಳುತ್ತಿಲ್ಲ” ಎಂದು ಮಾತ್ರ. “ಆಚೆ ಕಡೆ ಇರುವವನು ಒಳ್ಳೆಯವನು” ಎಂದಲ್ಲ. ಕಳ್ಳನ ಜೊತೆಗೂ ಗುಟ್ಟಿನ ಭಾಷೆಯಲ್ಲಿ ಮಾತಾಡಬಹುದು! ಹಾಗೆಯೇ ವೈಫೈ ಪೆಟ್ಟಿಗೆಗೆ ಯಾರು ಯಾವ ಹೆಸರನ್ನು ಬೇಕಾದರೂ ಇಡಬಹುದು. ನಾನು ತಂಗಿರುವ ಹೋಟೆಲಿನ ಹೆಸರನ್ನು ಪಕ್ಕದ ಕೋಣೆಯವನು ತನ್ನ ಪೆಟ್ಟಿಗೆಗೆ ಇಟ್ಟರೆ, ತೋಳ ಮೇಕೆಯ ದನಿಯಲ್ಲಿ ಕರೆದ ಹಾಗೆ. ಅದಕ್ಕೇ ನಾನು ಊರಾಚೆ ಇದ್ದಾಗ ಹಣದ ವ್ಯವಹಾರವನ್ನು ನನ್ನ ಫೋನಿನ ಇಂಟರ್ನೆಟ್‌ನಲ್ಲೇ ಮಾಡುತ್ತೇನೆ. ಇಲ್ಲದಿದ್ದರೆ ಮನೆಗೆ ಬಂದಮೇಲೆ.

ರಾತ್ರಿ ಎಲ್ಲೋ ನಡುದಾರಿಯಲ್ಲಿ ಸಿಗ್ನಲ್ ಹೋಯಿತು. ನನಗೆ ಮಿಂಚಂಚೆ ನೋಡಬೇಕಿತ್ತು, ಅದು ಆರಂಕಿಯ ಕೋಡ್ ಕೇಳುತ್ತಿತ್ತು. ಎಸ್ಸೆಮ್ಮೆಸ್ ಬರುವಂತಿರಲಿಲ್ಲ. ಮರುದಿನ ಬೆಳಿಗ್ಗೆಯವರೆಗೆ ಕಾಯೋಣ ಎಂದುಕೊಂಡು, ಮೊಮ್ಮಗಳಿಗೆ ಇನ್ನೊಂದು ಅಚ್ಚರಿ ತೋರಿಸಿದೆ. ನನ್ನ ಫೋನಿನಲ್ಲಿ ಕೋಡ್ ಹುಟ್ಟಿಸುವ ಒಂದು ಆ್ಯಪ್ ಇದೆ. ಸಿಗ್ನಲ್ ಇರಲಿ ಬಿಡಲಿ, 30 ಸೆಕೆಂಡಿಗೊಮ್ಮೆ ಹೊಸ ಆರಂಕಿ ತೋರಿಸುತ್ತದೆ. ದೂರದ ಕಂಪ್ಯೂಟರಿಗೂ ಅದೇ ಕ್ಷಣದಲ್ಲಿ ಅದೇ ಆರಂಕಿ ಗೊತ್ತಿರುತ್ತದೆ. ನಡುವೆ ಒಂದು ಮಾತೂ ಆಡದೆ! ಹೇಗೆ ಸಾಧ್ಯ?

ಅವಳು ಐದು ನಿಮಿಷ ಯೋಚಿಸಿದಳು. ನೀವೂ ಯೋಚಿಸಿ ಮುಂದೆ ಓದಿ. ಇದೂ ಚಟ್ನಿಯೇ! ಆ್ಯಪ್ ಹಾಕಿಕೊಂಡ ದಿನ ನನ್ನ ಫೋನು ಮತ್ತು ಆ ಕಂಪ್ಯೂಟರ್ ಒಂದು ಗುಟ್ಟಿನ ಸಂಖ್ಯೆಯನ್ನು ಹಂಚಿಕೊಂಡಿದ್ದವು. ಇಬ್ಬರ ಹತ್ತಿರವೂ ಗಡಿಯಾರ ಇದೆ. ಗುಟ್ಟಿನ ಸಂಖ್ಯೆಗೆ ಈಗಿನ ಅರ್ಧ ನಿಮಿಷವನ್ನು ಸೇರಿಸಿ ಇಬ್ಬರೂ ಅವರವರ ಮನೆಯಲ್ಲೇ ರುಬ್ಬುತ್ತಾರೆ. ಸಾಮಾನು ಒಂದೇ, ಆದ್ದರಿಂದ ಚಟ್ನಿಯೂ ಒಂದೇ. ಅದರಿಂದ ಆರಂಕಿ ತೆಗೆದುಕೊಳ್ಳುವುದು, ಅಷ್ಟೇ. ಅರ್ಧ ನಿಮಿಷ ಕಳೆಯಿತೋ, ಹಳೆಯದು ಚೆಲ್ಲಿ ಹೊಸದು. ಫೋನಿನ ಗಡಿಯಾರ ಕೆಟ್ಟು ಹಿಂದೆಮುಂದೆ ಆದರೆ ಮಾತ್ರ ಕೋಡ್ ಹೊಂದುವುದಿಲ್ಲ.

ಹೊತ್ತಿಗೆ ತಕ್ಕ ಹಾಗೆ ಗುಟ್ಟಿನ ಮಾತು ಬದಲಿಸುವುದು ಹೊಸ ಬುದ್ಧಿಯೇನಲ್ಲ. ಎರಡು ಸಾವಿರ ವರ್ಷಕ್ಕೂ ಹಿಂದೆ ಬದುಕಿದ್ದ ಗ್ರೀಕ್ ಇತಿಹಾಸಕಾರ ಪಾಲಿಬಿಯಸ್, ರೋಮನ್ ಸೇನೆಯ ಬಿಡಾರದ ಬಗ್ಗೆ ಬರೆದಿದ್ದಾನೆ. ಪ್ರತಿ ಸಂಜೆ ಆ ರಾತ್ರಿಯ ಗುಟ್ಟಿನ ಪದವನ್ನು ಮರದ ಪುಟ್ಟ ಹಲಗೆಗಳ ಮೇಲೆ ಬರೆದು ಒಂದು ತುಕಡಿಯಿಂದ ಇನ್ನೊಂದಕ್ಕೆ ದಾಟಿಸುತ್ತಿದ್ದರು. ಕತ್ತಲಾಗುವ ಮುಂಚೆ ಹಲಗೆಗಳೆಲ್ಲ ವಾಪಸ್ ಬರಬೇಕು. ಬಾರದಿದ್ದರೆ ಎಲ್ಲಿ ಸಿಕ್ಕಿಕೊಂಡಿದೆ ಎಂದು ಹುಡುಕಿ, ತಪ್ಪಿತಸ್ಥನಿಗೆ ಶಿಕ್ಷೆ.

ಬೆಳಿಗ್ಗೆ ಹೊಸಪೇಟೆಯಲ್ಲಿ ಇಳಿದೆವು. ತಂಗುವ ಜಾಗದವರು ಗುರುತಿನ ಚೀಟಿಯ ಪ್ರತಿ ಕೇಳಿದರು. ಹತ್ತಿರದ ಜೆರಾಕ್ಸ್ ಅಂಗಡಿಗೆ ಹೋದೆವು. ಅಂಗಡಿಯ ಹುಡುಗ ಪಾಪ ಒಳ್ಳೆಯವನೇ. ಆದರೆ ಅವನ ಕಂಪ್ಯೂಟರಿನ ಡೌನ್‌ಲೋಡ್ಸ್ ಫೋಲ್ಡರ್ ತೆರೆದದ್ದೇ ತಡ, ನಾನು ದಂಗಾದೆ. ಯಾರ್ಯಾರದೋ ಆಧಾರ್, ಯಾರದೋ ಅಂಕಪಟ್ಟಿ, ಯಾರದೋ ಮದುವೆ ಕರೆಯೋಲೆ, ರೈಲು ಟಿಕೆಟ್ಟು, ಎಲ್ಲ ಸಾಲಾಗಿ ಮಲಗಿದ್ದವು. ಒಬ್ಬ ಪುಣ್ಯಾತ್ಮ ತನ್ನ ವಾಟ್ಸಾಪನ್ನೇ ತೆರೆದಿಟ್ಟು ಹೋಗಿದ್ದ. ಅವನ ಅತ್ತೆ “ಊಟ ಆಯ್ತಾ ಮರಿ?” ಎಂದು ಕೇಳಿದ್ದು ನಮಗೆಲ್ಲ ಕಾಣುತ್ತಿತ್ತು.

ಆಧಾರಿನ ಪಿಡಿಎಫ್‌ಗೆ ಪಾಸ್‌ವರ್ಡ್ ಇರುತ್ತದಲ್ಲ ಅನ್ನಬಹುದು. ಇರುತ್ತದೆ. ಹೆಸರಿನ ಮೊದಲ ನಾಲ್ಕು ಇಂಗ್ಲಿಷ್ ಅಕ್ಷರ, ಮುಂದೆ ಹುಟ್ಟಿದ ಇಸವಿ. ಎಲ್ಲರಿಗೂ ಇದೇ ಸೂತ್ರ. ಕಡತಕ್ಕೆ ನಮ್ಮದೇ ಹೆಸರಿಟ್ಟು ಕಳಿಸಿದರೆ ಅರ್ಧ ಬೀಗದಕೈ ಹೊರಗೇ ನೇತಾಡುತ್ತಿರುತ್ತದೆ, ಉಳಿದರ್ಧ ವಯಸ್ಸು ಊಹಿಸಿದರೆ ಸಿಗುತ್ತದೆ. ಅದಕ್ಕೇ ನಾನು ಮನೆಯಿಂದ ಹೊರಡುವಾಗಲೇ ಮಾಸ್ಕ್ಡ್ ಆಧಾರ್ ತೆಗೆದಿಟ್ಟಿದ್ದೆ. ಆಧಾರ್ ಕೊಡುವ ಸಂಸ್ಥೆಯ ಜಾಲತಾಣದಲ್ಲೇ ಅದು ಸಿಗುತ್ತದೆ. 12 ಅಂಕಿಗಳಲ್ಲಿ ಮೊದಲ ಎಂಟನ್ನು ಮುಸುಕು ಹಾಕಿ ಮುಚ್ಚಿ, ಕೊನೆಯ ನಾಲ್ಕನ್ನು ಮಾತ್ರ ತೋರಿಸಿರುತ್ತಾರೆ.

ಪ್ರಿಂಟ್ ಆದಮೇಲೆ “ನಮ್ಮ ಕಡತ ಅಳಿಸಪ್ಪ” ಅಂದೆ. ಹುಡುಗ ಅಳಿಸಿದ. ನಾನು ಹೊರಡಲಿಲ್ಲ. “ಕಸದಬುಟ್ಟಿಯಿಂದಲೂ ತೆಗಿ.” ಅಳಿಸಿದ್ದು ಮೊದಲು ರೀಸೈಕಲ್ ಬಿನ್ ಎಂಬ ಬುಟ್ಟಿಗೆ ಬೀಳುತ್ತದೆ, ಅಲ್ಲಿಂದ ಯಾರು ಬೇಕಾದರೂ ಎತ್ತಿಕೊಳ್ಳಬಹುದು. ಬುಟ್ಟಿಯಿಂದ ತೆಗೆದಮೇಲೂ ಆಗುವುದೇನು ಗೊತ್ತೇ? ಮಾಮೂಲಿ ಹಾರ್ಡ್‌ಡಿಸ್ಕಿನಲ್ಲಿ ಪುಸ್ತಕದ ಪರಿವಿಡಿಯಿಂದ ಆ ಪಾಠದ ಹೆಸರು ಹೊಡೆದುಹಾಕಿದಷ್ಟೇ ಆಯಿತು. ಪಾಠದ ಪುಟಗಳು, ಅವುಗಳ ಮೇಲೆ ಬೇರೇನಾದರೂ ಬರೆಯುವವರೆಗೂ ಒಳಗೇ ಇರುತ್ತವೆ. ಹಾಗಾಗಿ ಬೇರೆಯವರ ಕಂಪ್ಯೂಟರಿಗೆ ಏನನ್ನು ಕೊಡುತ್ತೇವೆ ಎಂಬುದನ್ನೇ ಮೊದಲು ಯೋಚಿಸುವುದು ಒಳ್ಳೆಯದು. ಅಲ್ಲಿ ಕೂತು ಪಾಸ್‌ವರ್ಡ್ ಒತ್ತುವುದಂತೂ ನಾನು ಒಲ್ಲೆ. ಯಾವ ಕೀಲಿ ಒತ್ತಿದರೂ ಸದ್ದಿಲ್ಲದೆ ಬರೆದಿಟ್ಟುಕೊಳ್ಳುವ ತಂತ್ರಾಂಶಗಳಿವೆ. ಅಂಗಡಿಯವನಿಗೇ ಗೊತ್ತಿಲ್ಲದೆ ಅವು ಒಳಗೆ ಸೇರಿಕೊಂಡಿರಬಹುದು.

ಫೋನೇ ಕಳೆದುಹೋದರೆ? ಅದಕ್ಕೂ ಹೊರಡುವ ಮುಂಚೆ ಮಾಡುವ ಒಂದು ಕೆಲಸವಿದೆ. ಫೋನಿನಲ್ಲಿ *#06# ಒತ್ತಿದರೆ 15 ಅಂಕಿಯ ಐಎಂಇಐ ಸಂಖ್ಯೆ ಬರುತ್ತದೆ. ಫೋನಿನ ಹುಟ್ಟುಮಚ್ಚೆ ಅದು. ಮನೆಯ ಡೈರಿಯಲ್ಲಿ ಬರೆದಿಡಿ. ಕಳೆದಾಗ ಪೊಲೀಸರಿಗೆ ದೂರು ಕೊಟ್ಟು, ಸರ್ಕಾರದ ಸಂಚಾರ್ ಸಾಥಿ ಜಾಲತಾಣದಲ್ಲಿ ಅದನ್ನು ತುಂಬಿದರೆ ಬೇರೆ ಸಿಮ್ ಹಾಕಿದರೂ ಆ ಫೋನು ನಮ್ಮ ದೇಶದಲ್ಲಿ ಕೆಲಸ ಮಾಡದ ಹಾಗೆ ತಡೆಯುತ್ತಾರೆ. ಹಣ ಹೋಗಿದ್ದರೆ ತಡಮಾಡದೆ 1930ಕ್ಕೆ ಫೋನ್ ಮಾಡಲು ಅಪ್ಪ ಅಮ್ಮನಿಗೆ ನೆನಪಿಸಿ.

ಮಧ್ಯಾಹ್ನ ವಿಠ್ಠಲ ದೇವಾಲಯ. ಕಲ್ಲಿನ ರಥ. ಹೊಸ 50 ರೂಪಾಯಿ ನೋಟಿನ ಹಿಂಭಾಗದಲ್ಲಿ ಅದರ ಚಿತ್ರವಿದೆ. ಮೊಮ್ಮಗಳು ನೋಟನ್ನೂ ರಥವನ್ನೂ ಪಕ್ಕಪಕ್ಕ ಹಿಡಿದು ಹೋಲಿಸಿದಳು. ಆಮೇಲೆ ಜೊತೆಗೆ ಬಂದಿದ್ದ ತನ್ನ ಅಮ್ಮನ ಫೋನಿನಿಂದ ರಥದ ಫೋಟೋ, ಜೊತೆಗೆ ನಮ್ಮ ವಾಪಸಾತಿ ರೈಲು ಟಿಕೆಟ್ಟಿನ ಫೋಟೋ ಎರಡನ್ನೂ ಎಲ್ಲರಿಗೂ ಕಾಣುವ ಹಾಗೆ ಹಾಕೋಣ ಎಂದಳು.

ಆಗ ಅವಳಿಗೆ ಆಸ್ಟ್ರೇಲಿಯದ ಕತೆ ಹೇಳಿದೆ. ಅಲ್ಲಿನ ಮಾಜಿ ಪ್ರಧಾನಿ ಟೋನಿ ಅಬಾಟ್ 2020ರಲ್ಲಿ ತಮ್ಮ ವಿಮಾನದ ಬೋರ್ಡಿಂಗ್ ಪಾಸ್ ಫೋಟೋವನ್ನು ಇನ್‌ಸ್ಟಾಗ್ರಾಂನಲ್ಲಿ ಹಾಕಿದರು. ಅದರ ಮೇಲೆ ಬುಕಿಂಗ್ ಸಂಖ್ಯೆ ಇತ್ತು. ಒಬ್ಬ ಚುರುಕು ಯುವಕ ಆ ಸಂಖ್ಯೆ ಮತ್ತು ಅವರ ಹೆಸರು ಹಾಕಿ ವಿಮಾನ ಕಂಪನಿಯ ಜಾಲತಾಣದ ಒಳಗೆ ಹೋದ. ಪುಟದ ಹಿಂದೆ ಬಚ್ಚಿಟ್ಟುಕೊಂಡಿದ್ದ ಬರಹದಲ್ಲಿ ಪಾಸ್‌ಪೋರ್ಟ್ ಸಂಖ್ಯೆ, ಫೋನ್ ನಂಬರ್ ಎಲ್ಲ ಸಿಕ್ಕವು. ಅವನು ಕಳ್ಳನಲ್ಲ, ಸಂಬಂಧಪಟ್ಟವರಿಗೆ ಹೇಳಿ ಆ ತೂತನ್ನು ಮುಚ್ಚಿಸಿದ. ಅಬಾಟ್ ಅವರೂ ಸಿಟ್ಟಾಗದೆ ಅವನಿಗೆ ಫೋನ್ ಮಾಡಿ, ಇದನ್ನೆಲ್ಲ ತಾವು ಹೇಗೆ ಕಲಿಯಬೇಕು ಎಂದು ಕೇಳಿದರಂತೆ. ನನಗೆ ಈ ಕತೆಯಲ್ಲಿ ಎಲ್ಲಕ್ಕಿಂತ ಇಷ್ಟವಾದದ್ದು ಆ ಭಾಗ.

“ಹಾಗಾದರೆ ರಥದ ಫೋಟೋ ಮಾತ್ರ, ಅದೂ ಮೈಸೂರಿಗೆ ಹೋದಮೇಲೆ,” ಎಂದಳು. ಯಾಕೆ ಎಂದು ನಾನು ಕೇಳಲಿಲ್ಲ. ಅವಳೇ ಹೇಳಿದಳು, “ಈಗ ಹಾಕಿದರೆ ನಮ್ಮ ಮನೆ ಖಾಲಿ ಇದೆ ಅಂತ ಊರಿಗೆಲ್ಲ ಡಂಗುರ ಸಾರಿದ ಹಾಗೆ.”

ಮೈಸೂರಿಗೆ ಬಂದ ದಿನ ಅವಳ ಅಜ್ಜಿ ಫೋಟೋ ನೋಡಲು ಕನ್ನಡಕ ಒರೆಸಿಕೊಂಡು ಕೂತಳು. ಮೊಮ್ಮಗಳು ಟ್ಯಾಬ್ ಕೈಗೆತ್ತಿಕೊಂಡು ಒಂದು ಕ್ಷಣ ನಿಂತಳು. “ಅಜ್ಜೀ, ಆ ಕಡೆ ತಿರುಗಿ. ತಾತ, ನೀವೂನೂ.” ನಾವಿಬ್ಬರೂ ಗೋಡೆಯ ಕ್ಯಾಲೆಂಡರ್ ನೋಡುತ್ತಾ ಕೂತೆವು. ಬೆನ್ನ ಹಿಂದೆ ಟಕಟಕ ಸದ್ದು ಬಹಳ ಹೊತ್ತು ಕೇಳಿಸಿತು. ನಾಲ್ಕು ಪದ ಇರಬೇಕು. ಐದೂ ಇದ್ದೀತು.